ಖಾಲಿ ಎಂದು ತೋರಿಸಿದ ಜಾಗ

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನ ಆಫೀಸಿನಲ್ಲಿ
ಸೀಸನ್ ಮುಗಿದ ಮೇಲೆ ನನಗೊಂದು ಸ್ವಂತ ಹಬ್ಬವಿತ್ತು.
ಕೊನೆಯ ಲಾರಿ ಮಂಗಳೂರಿಗೆ ಹೊರಟು,
ಗೋದಾಮಿಗೆ ಬೀಗ ಬಿದ್ದು,
ಕಾಫಿ ಸಿಪ್ಪೆಯ ಧೂಳು ಕೀಬೋರ್ಡಿನ ಸಂದಿಗೆಲ್ಲ ಇಳಿದ ಮೇಲೆ
ಡಿಫ್ರಾಗ್ ಒತ್ತಿ
ಚೀಲದ ಕಟ್ಟಿನ ಮೇಲೆ ಕಾಲು ಚಾಚಿ ಕೂರುತ್ತಿದ್ದೆ.

ಪರದೆ ತುಂಬ ಸಣ್ಣ ಸಣ್ಣ ಗೆರೆ.
ಕೆಂಪು, ಚದುರಿದ್ದು. ನೀಲಿ, ಕೂಡಿಕೊಂಡದ್ದು.
ಹಸಿರು, ಯಂತ್ರದ ಸ್ವಂತದ್ದು, ಅದನ್ನು ಕದಲಿಸುವಂತಿಲ್ಲ.
ಬಿಳಿ, ಖಾಲಿ.

ಕರಡಿಬೆಟ್ಟ ತೋಟದವರ ಒಂದು ವರ್ಷದ ಲೆಕ್ಕ
ನಲವತ್ತೊಂದು ತುಂಡಾಗಿ ಬಿದ್ದಿರುತ್ತಿತ್ತು,
ಚೆರಿಯ ತೂಕ ಒಂದು ಮೂಲೆಗೆ,
ತೇವಾಂಶ ಇನ್ನೊಂದು ಮೂಲೆಗೆ,
ಸಾಹುಕಾರರು ಕೊಟ್ಟ ಮುಂಗಡ ಎಲ್ಲೋ ನಡುವೆ.
ಒಳಗಿನ ಸೂಜಿ ಕಟಕಟ ಓಡಾಡಿ
ಒಂದೊಂದೇ ಹೆಕ್ಕಿ ತಂದು ಪಕ್ಕಪಕ್ಕ ಕೂರಿಸುವಾಗ
ನನ್ನ ಬೆನ್ನುನೋವು ಇಳಿಯುತ್ತಿತ್ತು ಅಂದರೆ ನಂಬುತ್ತೀರಾ?

ವಾಚ್‌ಮನ್ ಪೂವಪ್ಪ ಬಾಗಿಲಲ್ಲಿ ನಿಂತು ಕೇಳಿದ್ದ:
‘ಇದರಲ್ಲಿ ಏನಾದರೂ ಹೋಗ್ತದಾ ಮೇಡಂ?’
‘ಏನೂ ಹೋಗೋದಿಲ್ಲ. ಇದ್ದದ್ದೇ ಸಾಲಾಗಿ ನಿಲ್ತದೆ.’
‘ಅಷ್ಟಕ್ಕೆ ಮೂರು ಗಂಟೆಯಾ?’ ಅಂದು
ಟಾರ್ಚು ಆರಿಸಿ ಹೋದ.

ಆ ವರ್ಷ ಡಿಸ್ಕು ತುಂಬಿತ್ತು.
ನೂರಕ್ಕೆ ಹದಿನೈದು ಪಾಲು ಜಾಗ ಬಿಡದೆ
ಕೆಲಸ ಸರಿಯಾಗದು ಎಂದು ಹಟ ಹಿಡಿಯಿತು ಯಂತ್ರ.
‘ಹಳೇದೆಲ್ಲ ತೆಗೀರಿ’ ಅಂದರು ಸಾಹುಕಾರರು, ಫೋನಿನಲ್ಲಿ, ಊಟದ ನಡುವೆ.
ಹಳೆಯದರಲ್ಲಿ ದೊಡ್ಡದು ಯಾವುದೆಂದು ನೋಡಿದೆ:
ಬೀಜ ಆರಿಸುವ ಹೆಂಗಸರ ಹಾಜರಿ, ಹನ್ನೊಂದು ವರ್ಷದ್ದು.
ಆರಿಸಲು ಈಗ ಕಣ್ಣಿರುವ ಮೆಷಿನ್ನೇ ಬಂದಿದೆಯಲ್ಲ.
ಅಳಿಸಿದೆ. ಕಸದ ಬುಟ್ಟಿಯನ್ನೂ ಬರಿದು ಮಾಡಿದೆ.
ಆಮೇಲೆ ಡಿಫ್ರಾಗ್ ಒತ್ತಿ, ಕಾಲು ಚಾಚಿ, ಎಂದಿನಂತೆ.

ನೆಬೀಸಾ ಬಂದದ್ದು ಕಕ್ಕಡ ಕಳೆದ ಮೇಲೆ.
ಪಿಎಫ್ ಆಫೀಸಿನವರು ದುಡಿದದ್ದಕ್ಕೆ ದಾಖಲೆ ಕೇಳುತ್ತಾರಂತೆ.
ಕೊಡೆ ಮಡಚಿ ಮೂಲೆಗಿಟ್ಟು
ನನ್ನ ಪರದೆಯ ಹಿಂಬದಿಯನ್ನೇ ನೋಡುತ್ತಾ ಕೂತಳು,
ಒಳಗೆ ತನ್ನ ಹೆಸರು ಇದೆ ಎಂಬ ಧೈರ್ಯದಲ್ಲಿ.

ರಿಪೇರಿಯ ಸ್ಟ್ಯಾನಿ ಅಂದ:
‘ಅಳಿಸಿದ್ದು ಅಳಿಯೋದಿಲ್ಲ ಅಕ್ಕ. ಹೆಸರು ಮಾತ್ರ ಹೋಗ್ತದೆ.
ಅಕ್ಷರ ಅಲ್ಲೇ ಮಲಗಿರ್ತದೆ,
ಅದರ ಮೇಲೆ ಬೇರೆಯದು ಬಂದು ಕೂರುವ ತನಕ.
ತೆಗೆದುಕೊಡಬಹುದು.
ಆಮೇಲೆ ನೀವು ಡಿಫ್ರಾಗ್ ಏನಾದರೂ…?’

ಬಿಳಿ ಎಂದು ತೋರಿಸಿದ್ದು ಬಿಳಿಯಾಗಿರಲಿಲ್ಲ.
ಅಲ್ಲಿ ನೆಬೀಸಾ ಇದ್ದಳು, ಒಂಬತ್ತನೇ ಬೆಂಚಿನ ಎಡತುದಿಯಲ್ಲಿ,
ಕರಿಬೀಜ ಒಡಕುಬೀಜ ಬೆರಳಲ್ಲಿ ತಳ್ಳುತ್ತಾ,
ದಿನಕ್ಕೆ ಅರವತ್ತೆಂಟು ರೂಪಾಯಿಗೆ.
ಅವಳ ಮೇಲೆ
ಕರಡಿಬೆಟ್ಟ ತೋಟದ ಲೆಕ್ಕವನ್ನು ಅಂದವಾಗಿ ಕೂರಿಸಿದ್ದೆ.

ಈಗ ಭಾನುವಾರ ಬಸ್ಸು ಹಿಡಿಯುತ್ತೇನೆ.
ಗುಡ್ಡೆಹೊಸೂರಿನಲ್ಲಿ ರಾಜಮ್ಮ,
ಅವಳ ಹತ್ತಿರ ಮೂರು ಬೋನಸ್ ಚೀಟಿ ಇತ್ತು, ಅಕ್ಕಿಡಬ್ಬದ ತಳದಲ್ಲಿ.
ನೆಲ್ಯಹುದಿಕೇರಿಯ ಚೋಮಿಗೆ ವರ್ಷ ನೆನಪಿಲ್ಲ,
ಆನೆ ಗೇಟು ಮುರಿದ ಸೀಸನ್ನು ಅನ್ನುತ್ತಾಳೆ,
ಪೂವಪ್ಪನನ್ನು ಕೇಳಿ ವರ್ಷ ಬರೆದುಕೊಂಡೆ.
ಹೆಬ್ಬಾಲೆಯವಳು ಬಾಗಿಲು ತೆರೆಯಲಿಲ್ಲ.
ಒಟ್ಟು ಏಳು ವರ್ಷ ಸಿಕ್ಕಿತು. ನಾಲ್ಕು ಸಿಗಲಿಲ್ಲ.

ಆಫೀಸಿಗೆ ಹೊಸ ಯಂತ್ರ ಬಂದಿದೆ, ಸೂಜಿ ಇಲ್ಲದ್ದು, ಸದ್ದೂ ಇಲ್ಲ.
‘ಇದಕ್ಕೆ ಡಿಫ್ರಾಗ್ ಬೇಡ ಅಕ್ಕ, ಆಯಸ್ಸು ಸವೆಯುತ್ತದೆ.
ಚದುರಿದ್ದರೂ ಇದಕ್ಕೆ ಒಂದೇ’ ಅಂದ ಸ್ಟ್ಯಾನಿ.

ನೆಬೀಸಾಳಿಗೆ ನಿಜ ಹೇಳಿಲ್ಲ ನಾನು.
ಹಳೇ ಕಂಪ್ಯೂಟರ್ ಕೆಟ್ಟುಹೋಯಿತು ಅಂದೆ.
ಅವಳು ಕೊಡೆ ಎತ್ತಿಕೊಂಡು
ಮೂಲೆಯಲ್ಲಿ ವೈರು ಸುತ್ತಿಟ್ಟ ಅದನ್ನು ನೋಡಿ
‘ಪಾಪ,’ ಅಂದಳು, ‘ಅದೂ ನನ್ನಷ್ಟೇ ವರ್ಷ ದುಡಿದಿತ್ತಲ್ಲ.’